ಎಣಿಸುವ ಮಾತು, ಹೇಳುವ ಮಾತು: ಬಾಸ್ವರ್ತ್-ಟಾಲರ್ ನಿಘಂಟು ಬಳಸಿ ನೋಡಿದೆ

ಹಳೆಯ ಇಂಗ್ಲಿಷ್, ಅಂದರೆ ಸುಮಾರು ಸಾವಿರ ವರ್ಷದ ಹಿಂದಿನ ಇಂಗ್ಲಿಷ್ ಪದಗಳ ಬೆನ್ನು ಹತ್ತಿದವರಿಗೆ ಬಾಸ್ವರ್ತ್-ಟಾಲರ್ ಆನ್‌ಲೈನ್ ನಿಘಂಟನ್ನು ಧೈರ್ಯವಾಗಿ ಹೇಳುತ್ತೇನೆ. ದುಡ್ಡು ಕೊಡಬೇಕಿಲ್ಲ. ಪ್ರಾಗ್‌ನ ಚಾರ್ಲ್ಸ್ ವಿಶ್ವವಿದ್ಯಾಲಯದವರು ನಡೆಸುತ್ತಿದ್ದಾರೆ.

ನಾನು ಬ್ಯಾಂಕಿನಲ್ಲಿ ಕ್ಯಾಶ್ ಕೌಂಟರ್ ನೋಡಿಕೊಂಡವಳು. ನೋಟು ಎಣಿಸುವವರಿಗೆ ಟೆಲ್ಲರ್ ಅನ್ನುವ ಹೆಸರು ಯಾಕೆ ಅಂತ ಹುಡುಕುತ್ತಾ ಇಲ್ಲಿಗೆ ಬಂದೆ. 'ಟೆಲ್ಲನ್' ತೆಗೆದರೆ ಉತ್ತರ ಅಲ್ಲೇ ಇದೆ. ಎಣಿಸು, ಲೆಕ್ಕ ಹಾಕು, ಭಾವಿಸು, ಹೇಳು, ಎಲ್ಲವೂ ಆ ಒಂದೇ ಕ್ರಿಯಾಪದದ ಅರ್ಥಗಳು. ಬ್ರಿಟನ್ನಿನ ಸಂಸತ್ತಿನಲ್ಲಿ ಮತ ಎಣಿಸುವವರು ಇವತ್ತಿಗೂ ಟೆಲ್ಲರ್‌ಗಳೇ.

ಹಳೆಯ ಇಂಗ್ಲಿಷಿನ ವೀರಕಾವ್ಯ ಬೇಯೊವುಲ್ಫ್‌ನ 794ನೇ ಸಾಲಿನಲ್ಲಿ ಇದೇ ಕ್ರಿಯಾಪದ ಬರುತ್ತದೆ. ಗ್ರೆಂಡೆಲ್ ಅನ್ನುವ ರಾಕ್ಷಸ ಬದುಕಿದ್ದು ಯಾರಿಗೂ ಉಪಯೋಗವೆಂದು ನಾಯಕ ಎಣಿಸಲಿಲ್ಲ. ನಮ್ಮ ಕರಾವಳಿ ಕಡೆ "ನಾನು ಹಾಗೆ ಎಣಿಸಿರಲಿಲ್ಲ" ಅಂತೀವಲ್ಲ, ಥೇಟ್ ಹಾಗೇ! ಓದಿ ಬಹಳ ಖುಷಿಯಾಯಿತು.

'ಟಾಲು' ಕೂಡ ನೋಡಿ. ಕಥೆ ಅನ್ನುವ ಅರ್ಥದ ಇಂದಿನ ಟೇಲ್ ಅದರಿಂದಲೇ ಬಂದದ್ದು. ಆದರೆ ಆಗ ಅದಕ್ಕೆ ನ್ಯಾಯದ ಮುಂದೆ ಇಡುವ ವಾದ ಅನ್ನುವ ಅರ್ಥವೂ ಇತ್ತು. 'ರೀಮ್' ಅಂದರೆ ಸಂಖ್ಯೆ. ಈಸ್ಟರ್ ಯಾವಾಗ ಬರುತ್ತದೆಂದು ಸನ್ಯಾಸಿಗಳು ಹಾಕುತ್ತಿದ್ದ ಲೆಕ್ಕಕ್ಕೆ 'ರೀಮ್‌ಕ್ರ್ಯಾಫ್ಟ್' ಎನ್ನುತ್ತಿದ್ದರು.

ಒಂದು ಎಚ್ಚರಿಕೆ ಮಾತ್ರ ಬೇಕು. ಈ ನಿಘಂಟಿನ ಕೆಲಸ ಶುರು ಮಾಡಿದ ಜೋಸೆಫ್ ಬಾಸ್ವರ್ತ್ 1876ರಲ್ಲಿ ತೀರಿಕೊಂಡರು. ಉಳಿದ ಕೆಲಸವನ್ನು ಟಾಲರ್ 1898ಕ್ಕೆ ಮುಗಿಸಿದರು. ಮೊದಲ ಅಕ್ಷರಗಳ ಭಾಗ ಟಾಲರ್ ಅವರಿಗೇ ಸಮಾಧಾನ ಕೊಡಲಿಲ್ಲ. ಅದಕ್ಕೇ 1921ರಲ್ಲಿ ದಪ್ಪನೆಯ ಪೂರಕ ಸಂಪುಟ ಬಂತು. ಆದ್ದರಿಂದ ಟಿ ಅಕ್ಷರದ 'ಟೆಲ್ಲನ್' ಅನ್ನು ನಂಬಿ ಓದಬಹುದು. ಸಂಖ್ಯೆ ಅನ್ನುವ ಅರ್ಥದ 'ಗೆಟ್ಯಾಲ್' ಇರುವುದು ಜಿ ಅಕ್ಷರದಲ್ಲಿ. ಅದಕ್ಕೆ ಪೂರಕ ಸಂಪುಟದ ವಿವರವನ್ನೂ ಓದಲೇಬೇಕು.

ಕಷ್ಟಗಳೂ ಇವೆ. ವಿವರಣೆಯಲ್ಲಿ ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಜಾಸ್ತಿ, ನಡುನಡುವೆ ಲ್ಯಾಟಿನ್. ಉದಾಹರಣೆ ಎಲ್ಲಿಂದ ಬಂತೆಂದು ಹೇಳುವ ಸಂಕ್ಷಿಪ್ತ ಹೆಸರುಗಳು ಹೊಸಬರಿಗೆ ಒಗಟು. ಬೇಯೊವುಲ್ಫ್‌ಗೆ ಎರಡು ಸಾಲುಸಂಖ್ಯೆ ಕೊಡುತ್ತಾರೆ. ದೊಡ್ಡದು ಅರ್ಧ ಸಾಲುಗಳನ್ನು ಲೆಕ್ಕ ಹಿಡಿದ ಹಳೆಯ ಮುದ್ರಣದ್ದು. ಈಗಿನ ಪುಸ್ತಕದಲ್ಲಿ ಹುಡುಕಲು ಚಿಕ್ಕ ಸಂಖ್ಯೆ ಹಿಡಿಯಿರಿ. ಫೋನಿಗಿಂತ ಕಂಪ್ಯೂಟರಿನಲ್ಲಿ ಓದುವುದು ಸುಲಭ.

ಟೊರೊಂಟೊ ವಿಶ್ವವಿದ್ಯಾಲಯದ ಹೊಸ ನಿಘಂಟು ಇನ್ನೂ ಆಳವಾದದ್ದು. ಆದರೆ ಅದು ಎ ಇಂದ ಅಕ್ಷರದ ಮೇಲೆ ಅಕ್ಷರ ಹೊರಬರುತ್ತಿದೆ, ಟಿ ತನಕ ಇನ್ನೂ ಬಂದಿಲ್ಲ. ಹೇಳುವ, ಎಣಿಸುವ ಪದಗಳು ಬೇಕಾದವರು ಸದ್ಯಕ್ಕೆ ಬಾಸ್ವರ್ತ್-ಟಾಲರ್ ತೆರೆಯಿರಿ. ಅರ್ಥ ಓದಿ ಮುಚ್ಚಬೇಡಿ, ಕೆಳಗಿನ ಉದಾಹರಣೆಗಳನ್ನೂ ಓದಿ.