ಕಾಮೆಟ್, ಅಟ್ಲಾಸ್, ಬ್ರೇವ್: ಜಾಹೀರಾತು ತಡೆಯುವುದರಲ್ಲಿ ಯಾವುದು ಮೇಲು?

ಮುಂಬೈ, ಪುಣೆಯಲ್ಲಿದ್ದು ದಿನವೂ ಊರಿನ ಸುದ್ದಿಯನ್ನು ಜಾಲತಾಣಗಳಲ್ಲಿ ಓದುವವರಿಗೆ ಜಾಹೀರಾತಿನ ಕಾಟ ಹೊಸದಲ್ಲ. ಎಐ ಬ್ರೌಸರ್ ಹಾಕಿಕೊಂಡ ಮಾತ್ರಕ್ಕೆ ಅದು ತಪ್ಪುವುದೂ ಇಲ್ಲ. ಒಂದು ಕನ್ನಡ ಸುದ್ದಿತಾಣ, ಒಂದು ಮರಾಠಿ ಸುದ್ದಿತಾಣ, ಯೂಟ್ಯೂಬ್, ಲೈಟ್ ಬಿಲ್ ಕಟ್ಟುವ ಪುಟ, ಇವನ್ನೇ ಮೂರು ಬ್ರೌಸರ್‌ಗಳಲ್ಲಿ, ಅಂದರೆ ಪರ್‌ಪ್ಲೆಕ್ಸಿಟಿಯ ಕಾಮೆಟ್, ಚಾಟ್‌ಜಿಪಿಟಿಯ ಓಪನ್‌ಎಐ ತಂದ ಅಟ್ಲಾಸ್, ಮತ್ತು ಬ್ರೇವ್‌ನಲ್ಲಿ, ತೆರೆದು ನೋಡಿ ಮಾಡಿದ ಹೋಲಿಕೆ ಇದು.

ಮೂರರ ಬುಡವೂ ಕ್ರೋಮಿಯಂ, ಅಂದರೆ ಗೂಗಲ್ ಕ್ರೋಮ್‌ಗೂ ಬುಡವಾಗಿರುವ ಮುಕ್ತ ತಂತ್ರಾಂಶ. ಹಾಗಾಗಿ ಕ್ರೋಮ್ ವೆಬ್ ಸ್ಟೋರ್‌ನ ಎಕ್ಸ್‌ಟೆನ್ಶನ್‌ಗಳು (ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶಗಳು) ಮೂರರಲ್ಲೂ ನಡೆಯುತ್ತವೆ, ಕ್ರೋಮಿಯಂನ ಕಟ್ಟುಪಾಡೂ ಜೊತೆಗೇ ಬರುತ್ತದೆ. ಎಕ್ಸ್‌ಟೆನ್ಶನ್‌ಗಳ ಹಳೆಯ ನಿಯಮಾವಳಿಯಾದ ಮ್ಯಾನಿಫೆಸ್ಟ್ ವಿ2ನ್ನು 2025ರಲ್ಲಿ ಕ್ರೋಮ್ ಕೈಬಿಟ್ಟ ಮೇಲೆ, ಜಾಹೀರಾತು ತಡೆಯುವ ಹಳೆಯ ಎಕ್ಸ್‌ಟೆನ್ಶನ್ ಯುಬ್ಲಾಕ್ ಒರಿಜಿನ್ ಅಲ್ಲಿ ಓಡುವುದಿಲ್ಲ, ಸಿಗುವುದು ಅದರ ‘ಲೈಟ್’ ರೂಪ. ಹಳೆಯದು ಪುಟದಿಂದ ಹೊರಡುವ ಪ್ರತಿ ಕೋರಿಕೆಯನ್ನೂ ತಾನೇ ನೋಡಿ ತಡೆಯುತ್ತಿತ್ತು, ಏನನ್ನು ತಡೆಯಬೇಕೆಂಬ ಪಟ್ಟಿಗಳನ್ನೂ ತಾನೇ ತರಿಸಿಕೊಳ್ಳುತ್ತಿತ್ತು. ಲೈಟ್ ನಿಯಮಗಳನ್ನು ಮೊದಲೇ ಬ್ರೌಸರ್ ಕೈಗೆ ಒಪ್ಪಿಸಿಬಿಡುತ್ತದೆ. ಪಟ್ಟಿ ಹೊಸದಾಗಬೇಕಾದರೆ ಎಕ್ಸ್‌ಟೆನ್ಶನ್‌ನ ಹೊಸ ಆವೃತ್ತಿಯೇ ಬರಬೇಕು. ಯೂಟ್ಯೂಬ್‌ನಂಥ ಕಡೆ ಈ ತಡ ಎದ್ದು ಕಾಣುತ್ತದೆ.

ಅಟ್ಲಾಸ್‌ಗೆ ಲೈಟ್ ಹಾಕಿಕೊಳ್ಳಲೇಬೇಕು. ಹೆಸರು ಹೋಲುವ ನಕಲಿಗಳಿರುತ್ತವೆ, ತಯಾರಕರ ಹೆಸರು ರೇಮಂಡ್ ಹಿಲ್ ಎಂದಿದೆಯೇ ನೋಡಿ. ಹಾಕಿದ ಮೇಲೆ ಐಕಾನ್ ಒತ್ತಿ ಸ್ಲೈಡರ್ ‘ಆಪ್ಟಿಮಲ್’ನಲ್ಲಿರಲಿ. ‘ಬೇಸಿಕ್’ನಲ್ಲಿ ಜಾಹೀರಾತು ಹೋದರೂ ಅದು ಇದ್ದ ಜಾಗ ಬಿಳಿ ಪೆಟ್ಟಿಗೆಯಾಗಿ ಉಳಿಯುತ್ತದೆ, ಕನ್ನಡ ಸುದ್ದಿಪುಟ ಓದಲು ಅದೂ ಕಿರಿಕಿರಿ. ನಂತರ ಗೇರ್ ಗುರುತು ಒತ್ತಿ, ಫಿಲ್ಟರ್ ಪಟ್ಟಿಗಳಲ್ಲಿ ಭಾರತದ್ದಕ್ಕೆ ಟಿಕ್ ಹಾಕಿ. ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಇದೇ.

ಕಾಮೆಟ್‌ನಲ್ಲಿ ತಡೆ ಒಳಗೇ ಇದೆ. ಅದರ ಮೇಲೆ ಲೈಟನ್ನೂ ಹೇರಬೇಡಿ. ಬಿಲ್ ಪುಟದಲ್ಲಿ ‘ಪೇ’ ಒತ್ತಿದರೂ ಏನೂ ಆಗದಿದ್ದಾಗ ತಪ್ಪು ಯಾವುದರದು ಎಂದು ಎರಡು ಕಡೆ ಹುಡುಕಬೇಕಾಗುತ್ತದೆ. ಅಂಥ ಪುಟದಲ್ಲಿ ತಡೆಯನ್ನು ಆ ತಾಣಕ್ಕೆ ಮಾತ್ರ ಆಫ್ ಮಾಡಿ, ಪುಟ ರಿಫ್ರೆಶ್ ಮಾಡಿ. ನಮ್ಮ ಪರವಾಗಿ ತಾನೇ ಪುಟಗಳಲ್ಲಿ ಕೆಲಸ ಮಾಡುವ ಎಐ ಏಜೆಂಟ್ ಅರ್ಧದಲ್ಲಿ ನಿಂತುಬಿಟ್ಟಾಗಲೂ ಮೊದಲು ನೋಡಬೇಕಾದ್ದು ಇದನ್ನೇ.

ಬರೀ ಓದುವುದಕ್ಕಾದರೆ ಬ್ರೇವ್ ಮೇಲು, ಇದರಲ್ಲಿ ಅನುಮಾನವಿಲ್ಲ. ಅದರ ಜಾಹೀರಾತು ತಡೆಯಾದ ಶೀಲ್ಡ್ಸ್ ಬ್ರೌಸರ್‌ನ ಒಳಗೇ ಇರುವುದರಿಂದ ಎಕ್ಸ್‌ಟೆನ್ಶನ್‌ಗಳ ಕಟ್ಟುಪಾಡು ಅದಕ್ಕೆ ತಾಗದು. ಬೇಕೆಂದರೆ ಸೆಟ್ಟಿಂಗ್ಸ್‌ನ ಎಕ್ಸ್‌ಟೆನ್ಶನ್ಸ್ ವಿಭಾಗದಲ್ಲಿ ಕ್ರೋಮ್‌ನಲ್ಲಿ ಓಡದ ಹಳೆಯ ಯುಬ್ಲಾಕ್ ಒರಿಜಿನ್ನನ್ನೂ ಹಾಕಿಕೊಳ್ಳಬಹುದು, ಬ್ರೇವ್ ಅದಕ್ಕೆ ಅವಕಾಶ ಉಳಿಸಿಕೊಂಡಿದೆ. ಅದರ ಎಐ, ಲಿಯೋ, ಪುಟದ ಸಾರಾಂಶ ಕೊಡಲು ಸಾಕು.

ಆದರೆ ತಡೆ ಇದೆಯೆಂದು ಎಐಯನ್ನು ಪೂರ್ತಿ ನಂಬುವಂತಿಲ್ಲ. 2025ರ ಆಗಸ್ಟ್‌ನಲ್ಲಿ ಬ್ರೇವ್‌ನವರು ಕಾಮೆಟ್‌ನ ಲೋಪವೊಂದನ್ನು ತೋರಿಸಿದರು: ರೆಡಿಟ್ ಕಾಮೆಂಟಿನಲ್ಲಿ ಮರೆಮಾಡಿದ್ದ ಬರಹವನ್ನು ಸಾರಾಂಶ ಕೇಳಿದಾಗ ಎಐ ಅಪ್ಪಣೆಯೆಂದೇ ತಿಳಿದು, ಬಳಕೆದಾರರ ಇಮೇಲ್‌ಗೆ ಬಂದ ಒಟಿಪಿಯನ್ನು ಹೊರಗೆ ಕೊಟ್ಟಿತು. ತೋರಿಸಿದ್ದು ಪ್ರತಿಸ್ಪರ್ಧಿಯಾದರೂ ವಿಷಯ ಗಂಭೀರ. ಕಾಮೆಂಟು ಜಾಹೀರಾತಲ್ಲವಲ್ಲ, ಯಾವ ಆ್ಯಡ್ ಬ್ಲಾಕರ್ ಅದನ್ನು ಹಿಡಿದೀತು? ಬ್ಯಾಂಕು, ಬಿಲ್ಲಿನ ಕೆಲಸ ಬೇರೆ ಬ್ರೌಸರ್‌ನಲ್ಲಿರಲಿ. ಅಟ್ಲಾಸನ್ನೇ ಬಳಸುವುದಾದರೆ ಅಡ್ರೆಸ್ ಬಾರ್‌ನಲ್ಲಿ ಆ ತಾಣ ಚಾಟ್‌ಜಿಪಿಟಿಗೆ ಕಾಣದಂತೆ ಮಾಡಿ, ಏಜೆಂಟನ್ನು ‘ಲಾಗ್ಡ್ ಔಟ್’ (ನಿಮ್ಮ ಖಾತೆಗಳಿಗೆ ಲಾಗಿನ್ ಆಗಿರದ) ಸ್ಥಿತಿಯಲ್ಲೇ ಓಡಿಸಿ.