ಜಾತ್ರೆಯಿಂದ ತಂದ ತಂತಿ ಬೋನು: ಮೂರು ಮಳೆಗಾಲ ಬಳಸಿದ ಮೇಲೆ

ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಈ ಇಲಿ ಬೋನು ತಂದ ಮೇಲೆ ಮೂರು ಮಳೆಗಾಲ ಕಳೆಯಿತು. ಕಬ್ಬಿಣದ ತಂತಿಯ ಪೆಟ್ಟಿಗೆ. ಒಳಗೊಂದು ಕೊಕ್ಕೆ, ಮೇಲೆ ಸ್ಪ್ರಿಂಗು, ಮುಂದೆ ಬಾಗಿಲು. ಕೊಕ್ಕೆಗೆ ಸಿಕ್ಕಿಸಿದ್ದನ್ನು ಇಲಿ ಎಳೆದರೆ ಬಾಗಿಲು ಟಪ್ ಅಂತ ಬೀಳುತ್ತದೆ. ಕಂಪನಿ ಹೆಸರಿಲ್ಲ, ಗ್ಯಾರಂಟಿ ಇಲ್ಲ. 220 ಹೇಳಿದವರು 180ಕ್ಕೆ ಕೊಟ್ಟರು.

ನಮ್ಮದು ಹಂಚಿನ ಮನೆ. ಮೇಲೆ ಅಟ್ಟ, ಪಕ್ಕದಲ್ಲಿ ಕೊಟ್ಟಿಗೆ, ಹಿಂದೆ ಅಡಿಕೆ ತೋಟ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ತೋಟದ ಬಿಲಗಳಿಗೆ ನೀರು ನುಗ್ಗುತ್ತದೆ, ಅಲ್ಲಿದ್ದವೆಲ್ಲ ನಮ್ಮ ಅಟ್ಟಕ್ಕೆ ಬಿಡಾರ ಬದಲಿಸುತ್ತವೆ. ಬೋನು ತರುವುದಕ್ಕೂ ಹಿಂದಿನ ವರ್ಷ ಅತ್ತೆ ಬೇಸಿಗೆಯಿಡೀ ಒಣಗಿಸಿಟ್ಟ ಹಲಸಿನ ಹಪ್ಪಳದ ಪ್ಲಾಸ್ಟಿಕ್ ಡಬ್ಬವನ್ನೇ ಕೊರೆದುಬಿಟ್ಟಿದ್ದವು. ಅತ್ತೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಬೋನಿಗಿಂತ ಮೊದಲು ಬೇರೆಲ್ಲ ನೋಡಿಯಾಗಿತ್ತು. ವಿಷದ ಬಿಸ್ಕತ್ತು ತಿಂದ ಇಲಿ ಅಲ್ಲೇ ಸಾಯುವುದಿಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ವಿಷ ಅದು, ಮೂರ್ನಾಲ್ಕು ದಿನ ಬೇಕು. ನಮ್ಮದು ಹೋಗಿ ಹಂಚಿನ ಸಂದಿಯಲ್ಲಿ ಸತ್ತಿತು. ಜಡಿಮಳೆಯಲ್ಲಿ ಹಂಚು ತೆಗೆಯುವ ಹಾಗಿಲ್ಲ, ವಾರವಿಡೀ ಮೂಗು ಮುಚ್ಚಿಕೊಂಡು ಊಟ ಮಾಡಿದೆವು. ಅಂಟಿನ ಹಲಗೆಗೆ ಸಿಕ್ಕಿದ್ದು ಎರಡು ಹಲ್ಲಿ ಮತ್ತು ಮನೆಯ ಬೆಕ್ಕಿನ ಕಾಲು. ಕೊಬ್ಬರಿ ಎಣ್ಣೆ ಹಚ್ಚಿ ಹಚ್ಚಿ ಬಿಡಿಸುವಷ್ಟರಲ್ಲಿ ಬೆಕ್ಕು ಪರಚಿತು. ಪ್ಲಗ್ಗಿಗೆ ಸಿಕ್ಕಿಸುವ, ಶಬ್ದ ಮಾಡುವ ಮಷಿನ್ ಬಗ್ಗೆ ಏನು ಹೇಳುವುದು? ಆ ಶಬ್ದ ಗೋಡೆ ದಾಟುವುದಿಲ್ಲ, ಇಲಿಗೂ ಬೇಗ ಅಭ್ಯಾಸವಾಗುತ್ತದೆ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ ಬಿಡಿ.

ಬೋನಿಗೆ ಮೊದಲು ತೆಂಗಿನಕಾಯಿ ಚೂರು ಇಟ್ಟೆ. ಬೆಳಿಗ್ಗೆ ಕಾಯಿಯೂ ಇಲ್ಲ, ಇಲಿಯೂ ಇಲ್ಲ. ಹೊಸ ಸ್ಪ್ರಿಂಗು ಬಿಗಿ, ಸಣ್ಣ ಇಲಿ ಮೆಲ್ಲಗೆ ಕಡಿದರೆ ಕೊಕ್ಕೆ ಕದಲುವುದೇ ಇಲ್ಲ. ಇನ್ನೊಂದು ದಿನ ಬಾಗಿಲು ಬಿದ್ದಿತ್ತು, ಒಳಗೆ ಹಿಕ್ಕೆ ಮಾತ್ರ. ತಂತಿಯ ಸಂದಿಯಲ್ಲೇ ನುಸುಳಿ ಹೋಗಿತ್ತು! ಕೊನೆಗೆ ಹಳೆಯ ಕಿಟಕಿಯ ಸೊಳ್ಳೆ ಜಾಲರಿ ಕತ್ತರಿಸಿ ಸುತ್ತಲೂ ಬಿಗಿದೆ. ಕೊಬ್ಬರಿಯನ್ನು ಕೆಂಡದ ಮೇಲೆ ಸುಟ್ಟು, ದಾರದಲ್ಲಿ ಕೊಕ್ಕೆಗೆ ಕಟ್ಟಿದೆ. ಕಟ್ಟಿದ್ದನ್ನು ಜಗ್ಗಲೇಬೇಕು ಅಲ್ವಾ? ಅಂದು ರಾತ್ರಿಯೇ ಒಂದು ಬಿತ್ತು. ಕೊಬ್ಬರಿಗಿಂತ ಸುಟ್ಟ ಹಲಸಿನ ಹಪ್ಪಳಕ್ಕೆ ಇನ್ನೂ ಬೇಗ ಬರುತ್ತವೆ. ರುಚಿ ಗೊತ್ತಿತ್ತಲ್ಲ.

ಇಡುವ ಜಾಗವೂ ಮುಖ್ಯ. ಇಲಿ ಕೋಣೆಯ ನಡುವೆ ಓಡಾಡುವುದಿಲ್ಲ, ಗೋಡೆ ಬುಡ ಹಿಡಿದೇ ಹೋಗುತ್ತದೆ. ಬೋನಿನ ಬಾಯಿ ಗೋಡೆಗುಂಟ ಇರಬೇಕು. ಇಡುವಾಗ ಅತ್ತೆಯದ್ದೊಂದು ಶಿಸ್ತು: "ಬೋನು ಅಂತ ಜೋರಾಗಿ ಹೇಳ್ಬೇಡ ಮಾರಾಯ್ತಿ, ಅವಕ್ಕೆ ಕೇಳುತ್ತೆ." ನಾನೂ ಈಗ ಪಿಸುಗುಟ್ಟುತ್ತೇನೆ.

ಸಿಕ್ಕಿದ್ದನ್ನು ಮೊದಮೊದಲು ತೋಟದ ಬೇಲಿ ಹತ್ತಿರ ಬಿಡುತ್ತಿದ್ದೆ. ಬಾಲ ತುಂಡಾಗಿದ್ದ ಒಂದು ನಾಲ್ಕನೇ ದಿನ ಮತ್ತೆ ಅದೇ ಬೋನಿನಲ್ಲಿ ಕೂತಿತ್ತು! ಈಗ ಹಳ್ಳ ದಾಟಿಸಿ ಬಿಡುತ್ತೇವೆ. ಮನೆಯಲ್ಲಿ ಇಲಿ ಇದ್ದರೆ ಕೇರೆ ಹಾವು ಬರುತ್ತದೆ, ಕೇರೆಯ ಹಿಂದೆ ಕಾಳಿಂಗ ಬರುತ್ತದೆ. ಆಗುಂಬೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೋನನ್ನು ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ. ಇಲಿ ಜ್ವರ ಹರಡುವುದು ಅದರ ಮೂತ್ರದಿಂದ, ಕೈಯಲ್ಲಿ ಸಣ್ಣ ಗಾಯವಿದ್ದರೂ ಸಾಕು. ನಾನು ಗ್ಲೌಸ್ ಹಾಕಿಕೊಂಡು, ಬ್ಲೀಚಿಂಗ್ ಪುಡಿ ಕಲಸಿದ ನೀರಲ್ಲಿ ತೊಳೆಯುತ್ತೇನೆ. ಅದೇ ನೀರಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಅದು ಬೇರೆ ತಲೆನೋವು. ಬಾಗಿಲ ಕೀಲಿಗೆ ವಾರಕ್ಕೊಮ್ಮೆ ಎಣ್ಣೆ ಬಿಡದಿದ್ದರೆ ಅರ್ಧಕ್ಕೇ ನಿಲ್ಲುತ್ತದೆ. ಸ್ಪ್ರಿಂಗು ಒಮ್ಮೆ ಬದಲಿಸಿದ್ದೇನೆ.

ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ಲೆಕ್ಕ ಹೀಗಿದೆ: ಮೊದಲ ಮಳೆಗಾಲ 23, ಎರಡನೆಯದರಲ್ಲಿ 26, ಈ ಸಲ 4. ಬೋನು ಅದೇ, ಹಪ್ಪಳವೂ ಅದೇ. ಹೆಣ್ಣಿಲಿ ಮೂರು ವಾರಕ್ಕೆ ಐದಾರು ಮರಿ ಹಾಕುವಾಗ ರಾತ್ರಿಗೊಂದು ಹಿಡಿದು ಎಲ್ಲಿ ಮುಗಿಸುವುದು? ವ್ಯತ್ಯಾಸ ಇಷ್ಟೇ, ಕಳೆದ ಬೇಸಿಗೆಯಲ್ಲಿ ಸಂದಿಗೊಂದಿ ಮುಚ್ಚಿದೆವು. ಪೆನ್ಸಿಲ್ ತೂರುವಷ್ಟು ತೂತಿದ್ದರೂ ಸಣ್ಣ ಇಲಿ ಒಳಗೆ ಬರುತ್ತದೆ. ಬಚ್ಚಲ ಪೈಪಿನ ಸುತ್ತ, ಒಲೆಯ ಹಿಂದೆ, ಬಾಗಿಲ ಕೆಳಗೆ, ಎಲ್ಲ ಕಡೆ ಪಾತ್ರೆ ತಿಕ್ಕುವ ಸ್ಟೀಲ್ ನಾರು ತುರುಕಿ ಸಿಮೆಂಟು ಮೆತ್ತಿದೆವು. ಹಪ್ಪಳ ಸ್ಟೀಲ್ ಡಬ್ಬಕ್ಕೆ ಹೋಯಿತು.

ಬೋನಿಗೆ ಐದರಲ್ಲಿ ಮೂರು ಕೊಡುತ್ತೇನೆ. ಜಾಲರಿ ಸುತ್ತಿಯೇ ಮಾರಿದ್ದರೆ ನಾಲ್ಕು ಕೊಡುತ್ತಿದ್ದೆ. ಸದ್ಯ ಅದು ಮನೆಯಲ್ಲಿಲ್ಲ. ಪಕ್ಕದ ಮನೆಯವರು "ಎರಡೇ ದಿನ" ಅಂತ ಒಯ್ದು ತಿಂಗಳಾಯಿತು.