ನಾಯಿಯ ಜೊತೆ ಒಂದು ನೋಟ್‌ಬುಕ್ಕೂ ಬಂತು

ಮರಿ ಬೇಕು ಅಂತ ಹೋಗಿದ್ದೆವು. ಕೊಡಲ್ಲ ಅಂದರು.

ಬೀದಿಯಲ್ಲಿ ಬಿದ್ದಿರುವ ನಾಯಿಗಳನ್ನು ತಂದು, ವಾಸಿ ಮಾಡಿ, ಮನೆ ಹುಡುಕಿ ಕೊಡುವ ಗಂಡ ಹೆಂಡತಿ ಇವರು. ನಾವು ಅಣ್ಣ, ಅಕ್ಕ ಅಂತಲೇ ಕರೆಯುತ್ತೇವೆ. ಇಬ್ಬರಿಗೂ ಬೇರೆ ಕೆಲಸ ಇದೆ, ಇದಕ್ಕೆ ಯಾರೂ ಸಂಬಳ ಕೊಡುವುದಿಲ್ಲ. ಅವರಿಂದ ನಮ್ಮ ನಾಯಿ ಕೆಂಚಿಯನ್ನು ತಂದು ಎಂಟು ತಿಂಗಳಾಯಿತು. ತಂದ ವಾರವೇ ಬರೆಯಬಹುದಿತ್ತು, ಆದರೆ ಆಗ ನಮಗೆ ಗೊತ್ತಿದ್ದದ್ದು ಕಡಿಮೆ.

ಮೊದಲು ಆ 'ಕೊಡಲ್ಲ' ವಿಷಯ. ಅದಕ್ಕೆ ಎರಡು ತಿಂಗಳ ಮುಂಚೆ ಬೇರೆ ಒಂದು ಕಡೆಯಿಂದ ಮರಿ ತಂದಿದ್ದೆವು. ಲಸಿಕೆ ಎಲ್ಲಾ ಆಗಿದೆ, ಏನೂ ತೊಂದರೆ ಇಲ್ಲ ಅಂದಿದ್ದರು. ನಾಲ್ಕನೇ ದಿನ ವಾಂತಿ, ಆಮೇಲೆ ರಕ್ತಭೇದಿ. ಪಾರ್ವೊ ಅನ್ನುವ ವೈರಸ್ ಕಾಯಿಲೆ. ಮರಿ ಉಳಿಯಲಿಲ್ಲ. ಇದನ್ನು ಅಕ್ಕನಿಗೆ ಹೇಳಿದಾಗ ಅವರು ಮೊದಲು ಕೇಳಿದ್ದು 'ಯಾವಾಗ?' ಅಂತ. ಆ ವೈರಸ್ ಮನೆಯೊಳಗೆ ತಿಂಗಳುಗಟ್ಟಲೆ ಇರುತ್ತದೆ, ಅಂಗಳದ ಮಣ್ಣಿನಲ್ಲಿ ಒಂದು ವರ್ಷವೂ ಉಳಿಯಬಹುದು. ಬರೀ ಸೋಪಿಗೆ ಸಾಯುವುದಿಲ್ಲ. ನೆಲಕ್ಕೆ ಬ್ಲೀಚ್ ನೀರು ಹಾಕಬಹುದು, ಮಣ್ಣಿನಲ್ಲಿ ಅದೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಲಸಿಕೆಯ ಡೋಸುಗಳು ಮುಗಿಯದ ಇನ್ನೊಂದು ಮರಿಯನ್ನು ಅದೇ ಮನೆಗೆ ಹೇಗೆ ಕಳಿಸಲಿ ಹೇಳಿ ಅಂದರು. ಅಲ್ಲಿಯವರೆಗೆ ಒಬ್ಬರೂ ನಮಗೆ ಇದನ್ನು ಹೇಳಿರಲಿಲ್ಲ. ಬೇರೆ ಯಾರ ಹತ್ತಿರವಾದರೂ ಹೋಗಿದ್ದರೆ ಎರಡನೇ ಮರಿಯನ್ನೂ ಕಳೆದುಕೊಳ್ಳುತ್ತಿದ್ದೆವೇನೋ ಅಂತ ನೆನೆದರೆ ಈಗಲೂ ಹೊಟ್ಟೆ ಕಿವುಚಿದ ಹಾಗಾಗುತ್ತದೆ.

ಆಮೇಲೆ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ ಕೆಂಚಿಯನ್ನು ತೋರಿಸಿದರು. ಹಲ್ಲು ನೋಡಿ ಸುಮಾರು ಮೂರು ವರ್ಷ ಅಂತ ಅಂದಾಜು. ಸಿಕ್ಕಾಗ ಮೈಮೇಲೆ ಕೂದಲೇ ಇರಲಿಲ್ಲವಂತೆ, ಅಷ್ಟು ಕಜ್ಜಿ. ಕಜ್ಜಿಯಲ್ಲೂ ಬೇರೆ ಬೇರೆ ಇವೆ ಅಂತ ನನಗೆ ಗೊತ್ತಿರಲಿಲ್ಲ. ಒಂದರ ಹುಳು ಕೂದಲ ಬುಡದಲ್ಲೇ ಇರುತ್ತದೆ, ಬೆಳೆದ ನಾಯಿಗಳ ಮಧ್ಯೆ ಸಾಮಾನ್ಯವಾಗಿ ಹರಡುವುದಿಲ್ಲ. ಇನ್ನೊಂದು ಬೇಗ ಹರಡುತ್ತದೆ, ಮುಟ್ಟಿದ ಮನುಷ್ಯರಿಗೂ ತುರಿಕೆ ಬರುತ್ತದೆ. ಕೆಂಚಿಗೆ ಬಂದಿದ್ದು ಹರಡುವ ಜಾತಿಯದು. ಇಬ್ಬರೂ ವಾರಗಟ್ಟಲೆ ಕೈ ಕೆರೆದುಕೊಂಡೇ ಅವಳನ್ನು ನೋಡಿಕೊಂಡಿದ್ದಾರೆ.

ಅವರು ಕೆಲಸ ಮಾಡುವ ರೀತಿ ನನಗೆ ತುಂಬಾ ಹಿಡಿಸಿತು. ಹೊಸದಾಗಿ ಬಂದ ನಾಯಿ ಮೊದಲ ಎರಡು ವಾರ ಬೇರೆ ಕೋಣೆಯಲ್ಲಿ. ಅದಕ್ಕೆ ಬೇರೆ ತಟ್ಟೆ, ಬೇರೆ ಬಟ್ಟೆ, ಬೇರೆ ಚಪ್ಪಲಿ. ಒಂದು ನಾಯಿ ಎಲುಬು ಕಾಣುವಷ್ಟು ಸೊರಗಿತ್ತು. ನಾನು ಪಾಪ ಅಂತ ಇನ್ನಷ್ಟು ಊಟ ಹಾಕಲು ಹೋದೆ. ಅಣ್ಣ ಕೈ ಹಿಡಿದು ತಡೆದರು. ಬಹಳ ದಿನ ಹಸಿದ ಮೈಗೆ ಒಂದೇ ಸಲ ಹೊಟ್ಟೆ ತುಂಬಾ ಕೊಟ್ಟರೆ ರಕ್ತದಲ್ಲಿನ ಲವಣಗಳು ಏರುಪೇರಾಗಿ ಪ್ರಾಣವೇ ಹೋಗಬಹುದಂತೆ. ಅದಕ್ಕೇ ಸ್ವಲ್ಪ ಸ್ವಲ್ಪ, ದಿನಕ್ಕೆ ಹಲವು ಸಲ, ಡಾಕ್ಟರ್ ಹೇಳಿದ ಅಳತೆಯಲ್ಲೇ.

ಈಗ ನೋಟ್‌ಬುಕ್ ಬಗ್ಗೆ. ಲಸಿಕೆ, ಜಂತುಹುಳದ ಔಷಧಿ, ಮರಿ ಆಗದ ಹಾಗೆ ಮಾಡಿದ ಆಪರೇಷನ್, ಎಲ್ಲದರ ತಾರೀಖು ಅದರಲ್ಲಿದೆ. ಅದರ ಜೊತೆಗೆ ಅವಳ ಭಯಗಳೂ ಇವೆ. ಪೊರಕೆ ಕಂಡರೆ ಓಡುತ್ತಾಳೆ. ತಲೆಯ ಮೇಲಿಂದ ಕೈ ಬಂದರೆ ಉಚ್ಚೆ ಹೊಯ್ದುಕೊಳ್ಳುತ್ತಾಳೆ. ಮತ್ತೆ ಒಂದು ಪುಟದಲ್ಲಿ: ಮಂಚದ ಕೆಳಗಿಂದ ಎಳೆಯಲು ಹೋದಾಗ ಕಚ್ಚಿದಳು, ತಪ್ಪು ನಮ್ಮದು, ಗಾಯವನ್ನು 15 ನಿಮಿಷ ಸೋಪು ನೀರಲ್ಲಿ ತೊಳೆದು ಇಂಜೆಕ್ಷನ್ ತಗೊಂಡೆವು. ಇದನ್ನು ಓದಿ ನಮ್ಮ ಯಜಮಾನರು ಹಿಂದೆ ಮುಂದೆ ನೋಡಿದರು. ನನಗೆ ಮಾತ್ರ ಅಲ್ಲೇ ನಂಬಿಕೆ ಬಂತು. ಹೋದ ಸಲ 'ಏನೂ ತೊಂದರೆ ಇಲ್ಲ' ಅನ್ನುವ ಒಂದೇ ಮಾತು ನಂಬಿ ತಂದಿದ್ದೆವು, ಅಲ್ವಾ?

ಮನೆಗೆ ಬಂದ ಮೇಲೂ ಅವರು ಕೈ ಬಿಡಲಿಲ್ಲ. ಮೂರು ದಿನ ಕೆಂಚಿ ಮಂಚದ ಕೆಳಗೇ ಇದ್ದಳು. ಕರೆಯಬೇಡಿ, ಕಣ್ಣಿಗೆ ಕಣ್ಣಿಟ್ಟು ನೋಡಬೇಡಿ, ಪಕ್ಕಕ್ಕೆ ತಿರುಗಿ ಸುಮ್ನೆ ನೆಲದ ಮೇಲೆ ಕೂತು ಏನಾದರೂ ಓದಿ ಅಂದರು ಅಕ್ಕ. ಹಾಗೇ ಮಾಡಿದೆ. ಐದನೇ ರಾತ್ರಿ ಪಾದದ ಹತ್ತಿರ ಒದ್ದೆ ಮೂಗು ತಾಗಿತು. ಅಲ್ಲಾಡದೆ ಕೂತೆ, ಕಾಲು ಜೋಮು ಹಿಡಿದರೂ ಏಳಲಿಲ್ಲ.

ವಾಕಿಂಗಿಗೆ ಎರಡು ಹಗ್ಗ ಕಡ್ಡಾಯ ಅಂದಿದ್ದರು, ಒಂದು ಕೊರಳ ಬೆಲ್ಟಿಗೆ, ಇನ್ನೊಂದು ಎದೆಯ ಪಟ್ಟಿಗೆ. ಜಾಸ್ತಿ ಆಯಿತು ಅನಿಸಿತ್ತು. ಒಂಬತ್ತನೇ ದಿನ ಒಂದು ಬೈಕ್ ಸದ್ದಿಗೆ ಬೆದರಿ ಹಿಂದಕ್ಕೆ ಜಗ್ಗಿದಳು, ಬೆಲ್ಟು ತಲೆಯಿಂದ ಕಳಚಿ ನನ್ನ ಕೈಗೆ ಬಂತು. ಎದೆಪಟ್ಟಿಯ ಹಗ್ಗ ಇದ್ದದ್ದಕ್ಕೆ ಉಳಿದಳು.

ಕೊರತೆಗಳೂ ಇವೆ. ಹಗಲು ಫೋನ್ ಎತ್ತುವುದಿಲ್ಲ, ಉತ್ತರ ಬರುವುದು ರಾತ್ರಿ ಹನ್ನೊಂದಕ್ಕೆ. ಪ್ರಶ್ನೆಗಳ ಹಾಳೆ ನಾಲ್ಕು ಪುಟ ಇದೆ, ಮನೆ ನೋಡಲು ಬರುತ್ತಾರೆ, ಎಲ್ಲಾ ಮುಗಿಯಲು ನಮಗೆ ಮೂರು ವಾರ ಹಿಡಿಯಿತು. ಗಾಡಿಯಲ್ಲಿ ಕೂತರೆ ವಾಂತಿ ಮಾಡುತ್ತಾಳೆ ಅನ್ನುವುದನ್ನು ಬರೆಯಲು ಮರೆತಿದ್ದರು, ಅದು ಮೊದಲ ದಿನವೇ ನಮಗೆ ಗೊತ್ತಾಯಿತು. ಜಾಗ ತುಂಬಿದ್ದರೆ ಹೊಸ ನಾಯಿ ತಗೊಳ್ಳುವುದಿಲ್ಲ. ಜನ ಬೈಯುತ್ತಾರೆ, ಆದರೆ ನನ್ನ ಪ್ರಕಾರ ಅವರು ಮಾಡುವುದೇ ಸರಿ. ಇಬ್ಬರ ನಾಲ್ಕು ಕೈಗೆ ಎಷ್ಟು ಸಾಧ್ಯವೋ ಅಷ್ಟೇ. ಫೋನಿನ ಕೆಲಸಕ್ಕಾದರೂ ಒಬ್ಬರು ಜೊತೆಯಾದರೆ ಒಳ್ಳೆಯದು. ಭಾನುವಾರ ನಾನು ಮಾಡುತ್ತೇನೆ ಅಂತ ಹೇಳಿದ್ದೇನೆ.

ನಾಯಿ ನಿಮಗೆ ಆಗದಿದ್ದರೆ ಬೇರೆಯವರಿಗೆ ಕೊಡುವಂತಿಲ್ಲ, ಎಷ್ಟು ವರ್ಷವಾದರೂ ಅವರಿಗೇ ವಾಪಸ್ ಕೊಡಬೇಕು ಅಂತ ಬರೆಸಿಕೊಳ್ಳುತ್ತಾರೆ. ಸಹಿ ಹಾಕುವಾಗ ಅಕ್ಕ ಕೆಂಚಿಯ ಕಡೆ ನೋಡಲಿಲ್ಲ.

ನೋಟ್‌ಬುಕ್ಕಿನಲ್ಲಿ ಈಗ ನಾವೂ ಬರೆಯುತ್ತೇವೆ. ಮೊನ್ನೆ ಬರೆದದ್ದು: ಪೊರಕೆ ಹಿಡಿದು ಅವಳ ಸುತ್ತ ಗುಡಿಸಿದೆ, ತಲೆ ಎತ್ತಿ ನೋಡಿ ಮತ್ತೆ ಮಲಗಿದಳು. ಫೋಟೋ ತೆಗೆದು ಅವರಿಗೂ ಕಳಿಸಿದೆ. ರಾತ್ರಿ ಹನ್ನೊಂದಕ್ಕೆ ಉತ್ತರ ಬಂತು.